ವಿಮೆ ಕಡ್ಡಾಯವಾದ ಮೇಲೆ ಚಿಕಿತ್ಸೆಯ ದರಕ್ಕೆ ಹೊಣೆ ಯಾರು?

ವಿಮಾಗಣಿತ

ಇಪ್ಪತ್ತೆರಡು ವರ್ಷ ವಿಮಾ ಕಂತಿನ ಲೆಕ್ಕ ಹಾಕುವ ಕೆಲಸ ಮಾಡಿದ್ದೇನೆ. ಆರೋಗ್ಯ ವಿಮೆಯನ್ನು ಎಲ್ಲರಿಗೂ ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಮಾತು ಬಹುಬೇಗ ಸ್ವಾತಂತ್ರ್ಯದ ಕಡೆಗೋ ಕರುಣೆಯ ಕಡೆಗೋ ಹೊರಳಿಬಿಡುತ್ತದೆ. ವಿಮೆ ಎಂಬ ಏರ್ಪಾಡು ಒಳಗಿನಿಂದ ಹೇಗೆ ನಿಲ್ಲುತ್ತದೆ, ಹೇಗೆ ಕುಸಿಯುತ್ತದೆ ಎಂಬುದು ಚರ್ಚೆಗೆ ಬರುವುದೇ ಇಲ್ಲ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸಾವಿರ ಜನ ಸೇರಿ ವಿಮೆ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಅವರ ಪೈಕಿ ಕೆಲವರಿಗಷ್ಟೇ ದೊಡ್ಡ ಕಾಯಿಲೆ ಬರುತ್ತದೆ, ಉಳಿದವರ ಕಂತು ಆ ಕೆಲವರ ಬಿಲ್ಲನ್ನು ತೀರಿಸುತ್ತದೆ. ಎಲ್ಲರಿಗೂ ಒಂದೇ ಕಂತು ಎಂಬ ನಿಯಮವಿದ್ದು, ಸೇರುವುದು ಬಿಡುವುದು ಮಾತ್ರ ಅವರವರ ಇಷ್ಟವಾಗಿದ್ದರೆ, ಮೈಯಲ್ಲಿ ಗಟ್ಟಿಯಾಗಿರುವವರು ಇಷ್ಟೊಂದು ಕಟ್ಟುವುದೇಕೆ ಎಂದು ಹೊರಗೆ ಉಳಿಯುತ್ತಾರೆ. ಆರೋಗ್ಯವಂತರು ಹೊರಗೆ ಹೋದಷ್ಟೂ ಒಳಗೆ ಉಳಿದವರ ಸರಾಸರಿ ವೆಚ್ಚ ಏರುತ್ತದೆ, ಮರುವರ್ಷ ಕಂತು ಏರುತ್ತದೆ, ಆಗ ಇನ್ನಷ್ಟು ಜನ ಹೊರಡುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ಬರೆದ ಲೇಖನದಲ್ಲಿಯೇ, 65 ದಾಟಿದವರಿಗೆ ವಿಮೆ ಸಿಗುವುದು ಏಕೆ ಕಷ್ಟ ಎಂಬುದಕ್ಕೂ ಇದೇ ಕಾರಣವನ್ನು ಕೊಟ್ಟಿದ್ದರು.

ಇದು ಕಾಗದದ ಮೇಲಿನ ಭಯವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯ 1993ರಲ್ಲಿ ಒಂದು ಸುಧಾರಣಾ ಕಾನೂನು ತಂದಿತು. ಕಾಯಿಲೆಯವರಿಗೂ ವಿಮೆ ನಿರಾಕರಿಸುವಂತಿಲ್ಲ, ಜೊತೆಗೆ ಎಲ್ಲರೂ ವಿಮೆ ಹೊಂದಿರಲೇಬೇಕು ಎಂಬ ಎರಡೂ ಅಂಶಗಳು ಅದರಲ್ಲಿದ್ದವು. ಎರಡು ವರ್ಷದಲ್ಲಿ ಕಡ್ಡಾಯದ ಭಾಗವನ್ನು ಕಿತ್ತುಹಾಕಿ, ನಿರಾಕರಿಸುವಂತಿಲ್ಲ ಎಂಬ ಭಾಗವನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಜನ ಕಾಯಿಲೆ ಬಿದ್ದಾಗ ಸೇರಿ, ಗುಣವಾದಾಗ ಬಿಟ್ಟರು. 1999ರ ಹೊತ್ತಿಗೆ ಆ ರಾಜ್ಯದ ಬಹುತೇಕ ಎಲ್ಲ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಒಬ್ಬ ವ್ಯಕ್ತಿ ತನಗಾಗಿ ಹೊಸ ಪಾಲಿಸಿ ಕೊಳ್ಳುವುದೇ ಅಸಾಧ್ಯವಾಗಿತ್ತು, ಏಕೆಂದರೆ ಮಾರುವವರೇ ಉಳಿದಿರಲಿಲ್ಲ.

ಆದ್ದರಿಂದ ನನ್ನ ನಿಲುವು ಸ್ಪಷ್ಟ. ಹಿಂದಿನಿಂದಲೇ ಇದ್ದ ಕಾಯಿಲೆಯ ನೆಪದಲ್ಲಿ ಯಾರನ್ನೂ ಹೊರಗಿಡಬಾರದು ಎಂದು ನಾವು ಬಯಸುವುದಾದರೆ, ಎಲ್ಲರೂ ಆರೋಗ್ಯವಾಗಿರುವಾಗಲೇ ಒಳಗೆ ಬರಬೇಕು ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. 1883ರಲ್ಲಿ ಜರ್ಮನಿ ಕಾರ್ಖಾನೆಯ ಕೆಲಸಗಾರರಿಗೆ ವಿಮೆಯನ್ನು ಕಾನೂನಾಗಿಸಿ, ಕಂತಿನ ಮೂರನೆಯ ಎರಡು ಪಾಲನ್ನು ಕೆಲಸಗಾರರಿಂದಲೂ ಒಂದು ಪಾಲನ್ನು ಮಾಲೀಕರಿಂದಲೂ ಪಡೆದ ಏರ್ಪಾಡು ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿರುವುದಕ್ಕೆ, ಅದು ಇಷ್ಟಬಂದವರ ಸಂಘವಾಗಿರಲಿಲ್ಲ ಎಂಬುದೂ ಒಂದು ಕಾರಣ. ಈ ನಿಲುವಿನಲ್ಲಿ ಬಿರುಕು ಕಂಡವರು ದಯವಿಟ್ಟು ವಿವರವಾಗಿ ಬರೆಯಿರಿ.

ಸ್ವಂತ ದುಡಿಮೆ

ಸರ್, ನಿಮ್ಮ ಲೆಕ್ಕ ನನಗೆ ಅರ್ಥವಾಯಿತು. ಆದರೆ ಆ ಲೆಕ್ಕದಲ್ಲಿ ಕಂತು ಕಟ್ಟುವವನ ಜೇಬು ಎಲ್ಲಿಯೂ ಕಾಣಲಿಲ್ಲ.

ನಾನು ಯಾರ ಕೈಕೆಳಗೂ ಇಲ್ಲ. ಒಂದು ತಿಂಗಳು ಕೈತುಂಬ ಕೆಲಸವಿರುತ್ತದೆ, ಮೂರು ತಿಂಗಳು ಏನೂ ಇರುವುದಿಲ್ಲ. ಕಂಪನಿಯಲ್ಲಿ ದುಡಿಯುವವರ ಕಂತಿನಲ್ಲಿ ಮಾಲೀಕನ ಪಾಲಿರುತ್ತದೆ, ನನ್ನ ಪಾಲಿಗೆ ಎರಡೂ ನಾನೇ. ಕಳೆದ ಬಾರಿ ಪಾಲಿಸಿಯನ್ನು ನವೀಕರಿಸುವ ಹೊತ್ತಿಗೆ ಕೈಯಲ್ಲಿ ಹಣವಿರಲಿಲ್ಲ. ಗಡುವು ದಾಟಿತು, ಪಾಲಿಸಿ ರದ್ದಾಯಿತು, ಮತ್ತೆ ಸೇರಿದಾಗ ಹಳೆಯ ಕಾಯಿಲೆಗೆ ಕಾಯುವ ಅವಧಿ ಮೊದಲಿನಿಂದ ಆರಂಭವಾಯಿತು. ಹತ್ತು ವರ್ಷ ತಪ್ಪದೆ ಕಟ್ಟಿದ್ದು ಒಂದೇ ತಿಂಗಳಲ್ಲಿ ಕರಗಿತು. ಹೀಗಿರುವಾಗ ಕಡ್ಡಾಯ ಎಂಬ ಮಾತು ನನಗೆ ರಕ್ಷಣೆಯಂತೆ ಕೇಳಿಸುವುದಿಲ್ಲ, ಇನ್ನೊಂದು ಬಾಕಿಯಂತೆ ಕೇಳಿಸುತ್ತದೆ.

ಕಡ್ಡಾಯದ ಮಾದರಿ ಎಂದು ಎಲ್ಲರೂ ತೋರಿಸುವ ಸ್ವಿಟ್ಜರ್ಲೆಂಡನ್ನೇ ನೋಡಿ. 1996ರಿಂದ ಅಲ್ಲಿ ಪ್ರತಿಯೊಬ್ಬ ನಿವಾಸಿಯೂ ಮೂಲ ವಿಮೆ ಹೊಂದಿರಲೇಬೇಕು. ಆ ಮೂಲ ವಿಮೆಯ ಮೇಲೆ ಕಂಪನಿ ಲಾಭ ಮಾಡುವಂತಿಲ್ಲ ಎಂಬುದು ಒಳ್ಳೆಯ ನಿಯಮವೇ. ಆದರೆ ಒಂದೇ ಊರಿನಲ್ಲಿ ಒಂದೇ ಪಾಲಿಸಿ ತೆಗೆದುಕೊಂಡ ಬ್ಯಾಂಕಿನ ಮುಖ್ಯಸ್ಥನಿಗೂ ಅಲ್ಲಿ ಕಸ ಗುಡಿಸುವವನಿಗೂ ಕಂತು ಒಂದೇ. ಆದಾಯಕ್ಕೂ ಕಂತಿಗೂ ಸಂಬಂಧವಿಲ್ಲ. ಬಡವರಿಗೆ ಅಲ್ಲಿನ ರಾಜ್ಯಗಳಾದ ಕ್ಯಾಂಟನ್‌ಗಳು ಸಹಾಯಧನ ಕೊಡುತ್ತವೆ, ನಿಜ, ಆದರೆ ಸಹಾಯಧನದ ಗೆರೆಗಿಂತ ತುಸು ಮೇಲಿರುವ ಕುಟುಂಬಕ್ಕೆ ವರ್ಷದಿಂದ ವರ್ಷಕ್ಕೆ ಏರುವ ಕಂತು ಬಾಡಿಗೆಯಷ್ಟೇ ದೊಡ್ಡ ಚಿಂತೆಯಾಗಿದೆ. ಕಂತು ಆದಾಯದ ಶೇ. 10ನ್ನು ಮೀರಬಾರದು ಎಂಬ ಪ್ರಸ್ತಾವ 2024ರ ಜೂನ್‌ನಲ್ಲಿ ಜನಮತಕ್ಕೆ ಬಂದು ಬಿದ್ದುಹೋಯಿತು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಕಂತು ಬಾಕಿ ಉಳಿಸಿಕೊಂಡವರ ಹೆಸರನ್ನು ಕೆಲವು ಕ್ಯಾಂಟನ್‌ಗಳು ಕಪ್ಪುಪಟ್ಟಿಗೆ ಸೇರಿಸಿ, ಅವರಿಗೆ ತುರ್ತು ಚಿಕಿತ್ಸೆ ಮಾತ್ರ ಸಿಗುವಂತೆ ಮಾಡಿದ್ದವು. ಕಡ್ಡಾಯವಾಗಿ ಒಳಗೆ ಸೇರಿಸಿಕೊಂಡು, ಕಷ್ಟ ಬಂದಾಗ ಬಾಗಿಲ ಹೊರಗೆ ನಿಲ್ಲಿಸುವುದಾದರೆ ಆ ಕಡ್ಡಾಯದಿಂದ ಬಡವನಿಗೆ ಸಿಕ್ಕಿದ್ದೇನು?

ಕಾನೂನು ಓದುಗ

ಇಬ್ಬರ ಮಾತಿನ ನಡುವೆ ಒಂದು ಕಾನೂನಿನ ಎಳೆ ಇದೆ, ಅದನ್ನು ಬಿಡಿಸಿ ಇಡುತ್ತೇನೆ.

ಮ್ಯಾಸಚೂಸೆಟ್ಸ್ ರಾಜ್ಯ 2006ರಲ್ಲಿ, ಮಿಟ್ ರಾಮ್ನಿ ರಾಜ್ಯಪಾಲರಾಗಿದ್ದಾಗ, ವಿಮೆಯನ್ನು ಕಡ್ಡಾಯ ಮಾಡಿತು. ಅದೇ ಮಾದರಿಯನ್ನು 2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಸಹಿ ಹಾಕಿದ ಕಾನೂನು ಇಡೀ ಅಮೆರಿಕಕ್ಕೆ ವಿಸ್ತರಿಸಿತು. ವಿಮೆ ಇಲ್ಲದವರಿಗೆ 2014ರಿಂದ ದಂಡ. 2016ರ ವೇಳೆಗೆ ಆ ದಂಡ ವಯಸ್ಕರೊಬ್ಬರಿಗೆ 695 ಡಾಲರ್ ಅಥವಾ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು. ಇದನ್ನು ಪ್ರಶ್ನಿಸಿದವರ ಮುಖ್ಯ ವಾದ ಹೀಗಿತ್ತು: ವ್ಯಾಪಾರದಲ್ಲಿ ತೊಡಗಿದವರನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಸುಮ್ಮನೆ ಮನೆಯಲ್ಲಿ ಕುಳಿತವನನ್ನು ಎಬ್ಬಿಸಿ ಖಾಸಗಿ ಕಂಪನಿಯ ಸರಕನ್ನು ಕೊಳ್ಳು ಎಂದು ಆಜ್ಞಾಪಿಸಬಹುದೇ? 2012ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಬಹಳ ಸೂಕ್ಷ್ಮವಾದದ್ದು. ಕೊಳ್ಳಲೇಬೇಕೆಂದು ಆಜ್ಞಾಪಿಸುವ ಅಧಿಕಾರ ವ್ಯಾಪಾರದ ನಿಯಂತ್ರಣಕ್ಕೆ ಸಂವಿಧಾನ ಕೊಟ್ಟ ವಾಣಿಜ್ಯ ವಿಧಿಯಿಂದ ಒಕ್ಕೂಟ ಸರ್ಕಾರಕ್ಕೆ ದಕ್ಕುವುದಿಲ್ಲ ಎಂದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಕೊಳ್ಳದಿದ್ದವರ ಮೇಲೆ ವಿಧಿಸುವ ಮೊತ್ತವನ್ನು ತೆರಿಗೆ ಎಂದು ಭಾವಿಸಿದರೆ ಅದು ಸಿಂಧು ಎಂದರು. ಐದು ಜನ ನ್ಯಾಯಮೂರ್ತಿಗಳ ಬಹುಮತದಿಂದ ಕಾನೂನು ಉಳಿಯಿತು.

ಆ ವಾದದ ಇನ್ನೊಂದು ಪಕ್ಷವನ್ನೂ ಹೇಳಬೇಕು. 1986ರಿಂದ ಅಲ್ಲಿ ತುರ್ತು ಘಟಕವಿರುವ ಬಹುತೇಕ ಎಲ್ಲ ಆಸ್ಪತ್ರೆಗಳೂ ಹಣವಿದೆಯೇ ಎಂದು ಕೇಳದೆ ರೋಗಿಯನ್ನು ಪರೀಕ್ಷಿಸಿ, ಜೀವಕ್ಕೆ ಎದುರಾಗಿರುವ ಅಪಾಯವನ್ನು ತಡೆಯಲೇಬೇಕು. ಆದ್ದರಿಂದ ವಿಮೆ ಬೇಡ ಎಂದವನು ನಿಜವಾಗಿ ವ್ಯವಸ್ಥೆಯ ಹೊರಗೆ ಉಳಿಯುವುದಿಲ್ಲ. ಅಪಘಾತವಾದ ರಾತ್ರಿ ಅವನ ಖರ್ಚು ಬೇರೆಯವರ ಬಿಲ್ಲಿನೊಳಗೆ ಸೇರಿಕೊಳ್ಳುತ್ತದೆ. ಸಮಾಜ ಯಾರನ್ನೂ ಬಾಗಿಲಲ್ಲಿ ಸಾಯಲು ಬಿಡುವುದಿಲ್ಲ ಎಂದಾದರೆ, ಮೊದಲೇ ಪಾಲು ಕೊಡು ಎಂದು ಕೇಳುವ ಹಕ್ಕೂ ಅದಕ್ಕೆ ಸ್ವಲ್ಪಮಟ್ಟಿಗೆ ಬರುತ್ತದೆ ಎಂದು ನಾನು ನಂಬುತ್ತೇನೆ.

ಮುಂದೆ 2017ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ತೆರಿಗೆ ಕಾನೂನು ಆ ದಂಡವನ್ನು 2019ರಿಂದ ಸೊನ್ನೆಗೆ ಇಳಿಸಿತು. ವಿಮಾಗಣಿತದವರೇ, ನಿಮ್ಮ ಸಿದ್ಧಾಂತದ ಪ್ರಕಾರ ಆಗ ಆ ಮಾರುಕಟ್ಟೆ ಕುಸಿಯಬೇಕಾಗಿತ್ತು. ಕುಸಿಯಲಿಲ್ಲವಲ್ಲ?

ವಿಮಾಗಣಿತ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಕುಸಿಯಲಿಲ್ಲ, ಮತ್ತು ನನ್ನಂಥ ಬಹಳ ಜನ ಕುಸಿಯುತ್ತದೆ ಎಂದೇ ಎಣಿಸಿದ್ದೆವು. ಈಗ ಹಿಂದಿರುಗಿ ನೋಡಿದರೆ ಕಾರಣ ಕಾಣುತ್ತದೆ. ಆ ಕಾನೂನಿನಲ್ಲಿ ಸಹಾಯಧನವನ್ನು ಆದಾಯಕ್ಕೆ ಕಟ್ಟಿದ್ದಾರೆ. ಸಹಾಯಧನ ಪಡೆಯುವವರು ತಮ್ಮ ಆದಾಯದ ಇಂತಿಷ್ಟು ಪಾಲನ್ನು ಕಟ್ಟಿದರೆ ಸಾಕು, ಮೇಲಿನದ್ದನ್ನು ಸರ್ಕಾರ ಭರಿಸುತ್ತದೆ. ಹೀಗಾಗಿ ಕಂತು ಏರಿದರೂ ಅವರಿಗೆ ಬಿಸಿ ತಟ್ಟುವುದಿಲ್ಲ, ಅವರು ಬಿಟ್ಟು ಹೋಗುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 1990ರ ದಶಕದಲ್ಲಿ ಅಂಥ ಆಸರೆ ಎಲ್ಲರಿಗೂ ಇರಲಿಲ್ಲ. ಸೇರುವ ಅವಧಿಯೂ ವರ್ಷದಲ್ಲಿ ಕೆಲವೇ ವಾರ ತೆರೆದಿರುತ್ತದೆ, ಕಾಯಿಲೆ ಬಿದ್ದ ದಿನ ಬಂದು ಸೇರಲು ಆಗುವುದಿಲ್ಲ. ಅಂದರೆ ಜನರನ್ನು ಒಳಗೆ ಉಳಿಸಿಕೊಳ್ಳಲು ದಂಡಕ್ಕಿಂತ ಸಹಾಯಧನವೇ ಹೆಚ್ಚು ಕೆಲಸ ಮಾಡಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಸಹಾಯಧನದ ಹಣ ತೆರಿಗೆಯಿಂದ ಬರುತ್ತದೆ, ತೆರಿಗೆ ಕಡ್ಡಾಯವೇ. ಕಡ್ಡಾಯ ಮಾಯವಾಗಲಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಯಿತು.

ಹಳೆಯ ವೈದ್ಯ

ಮೂವತ್ತು ವರ್ಷ ಹೊರರೋಗಿ ವಿಭಾಗದಲ್ಲಿ ಕುಳಿತವನು ನಾನು. ಇಲ್ಲಿಯವರೆಗಿನ ಚರ್ಚೆಯಲ್ಲಿ ಯಾರು ಕಟ್ಟಬೇಕು ಎಂಬುದರ ಮಾತೇ ನಡೆದಿದೆ. ಎಷ್ಟು ಕಟ್ಟಬೇಕಾಗಿ ಬಂದಿದೆ, ಅಷ್ಟು ಏಕೆ ಎಂಬುದನ್ನು ಯಾರೂ ಕೇಳಿಲ್ಲ. ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಅದೇ.

ಅಮೆರಿಕ ತನ್ನ ಒಟ್ಟು ಉತ್ಪನ್ನದ ಶೇ. 17ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ವೆಚ್ಚ ಮಾಡುತ್ತದೆ. ಸ್ವಿಟ್ಜರ್ಲೆಂಡ್ ಶೇ. 12ರ ಸುಮಾರು, ಜಪಾನ್ ಶೇ. 11ರ ಸುಮಾರು. ಅಮೆರಿಕದವರು ಹೆಚ್ಚು ಬಾರಿ ವೈದ್ಯರ ಬಳಿ ಹೋಗುತ್ತಾರೆಯೇ, ಹೆಚ್ಚು ದಿನ ಆಸ್ಪತ್ರೆಯಲ್ಲಿ ಮಲಗುತ್ತಾರೆಯೇ ಎಂದರೆ ಇಲ್ಲ. ಜಪಾನಿನವರೇ ಅವರಿಗಿಂತ ಎಷ್ಟೋ ಹೆಚ್ಚು ಹೋಗುತ್ತಾರೆ. ಅರ್ಥಶಾಸ್ತ್ರಜ್ಞ ಉವೆ ರೈನ್‌ಹಾರ್ಟ್ ಮತ್ತು ಅವರ ಜೊತೆಗಾರರು 2003ರಲ್ಲಿ ಹಲವು ದೇಶಗಳ ಅಂಕಿಗಳನ್ನು ಹೋಲಿಸಿ ತೋರಿಸಿದ್ದು ಇದನ್ನೇ. ವ್ಯತ್ಯಾಸದ ಬೇರು ಚಿಕಿತ್ಸೆಯ ಪ್ರಮಾಣದಲ್ಲಿಲ್ಲ, ಪ್ರತಿಯೊಂದು ಚಿಕಿತ್ಸೆಗೆ ತೆರುವ ದರದಲ್ಲಿದೆ. ವಿಮೆಯನ್ನು ಎಷ್ಟು ಅಗಲವಾಗಿ ಹರಡಿದರೂ ಅದು ಬಿಲ್ಲನ್ನು ಹಂಚುತ್ತದೆಯೇ ಹೊರತು ಕಿರಿದು ಮಾಡುವುದಿಲ್ಲ.

ರೋಗಿಯ ಕೈಯಿಂದಲೇ ಸ್ವಲ್ಪ ಹಣ ಕೊಡಿಸಿದರೆ ಅವನು ಯೋಚಿಸಿ ಖರ್ಚು ಮಾಡುತ್ತಾನೆ, ಆಗ ವೆಚ್ಚ ಇಳಿಯುತ್ತದೆ ಎನ್ನುವವರಿದ್ದಾರೆ. 1970ರ ದಶಕದಿಂದ 1980ರ ದಶಕದ ಆರಂಭದವರೆಗೆ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಜನರ ಮೇಲೆ ನಡೆಸಿದ ದೊಡ್ಡ ಪ್ರಯೋಗ ಈ ವಾದವನ್ನೇ ಪರೀಕ್ಷಿಸಿತು. ಕೈಯಿಂದ ಹೆಚ್ಚು ತೆರಬೇಕಾಗಿದ್ದವರು ನಿಜಕ್ಕೂ ಕಡಿಮೆ ಖರ್ಚು ಮಾಡಿದರು. ಆದರೆ ಅವರು ಬೇಡದ ಚಿಕಿತ್ಸೆಯನ್ನಷ್ಟೇ ಬಿಡಲಿಲ್ಲ, ಬೇಕಾದದ್ದನ್ನೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟರು. ಬಡವರಲ್ಲಿ ರಕ್ತದೊತ್ತಡ ಇದ್ದವರ ಸ್ಥಿತಿ ಉಚಿತ ಚಿಕಿತ್ಸೆ ಪಡೆದವರಿಗಿಂತ ಕೆಟ್ಟದಾಗಿತ್ತು. ಈ ಫಲಿತಾಂಶವನ್ನು ಓದುವಾಗ ನನಗೆ ನನ್ನದೇ ಒಬ್ಬ ರೋಗಿ ನೆನಪಾಗುತ್ತಾರೆ. ತಿಂಗಳ ಮಾತ್ರೆ ಎರಡು ತಿಂಗಳು ಬರಲೆಂದು ಆಕೆ ದಿನ ಬಿಟ್ಟು ದಿನ ನುಂಗುತ್ತಿದ್ದರು. ನಾನು ಪ್ರತಿ ಸಲವೂ ಮಾತ್ರೆ ಸಾಲುತ್ತಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತಿದ್ದೆ, ಆಕೆ ಸಂಕೋಚದಿಂದ ಏನನ್ನೂ ಹೇಳುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಮಗಳು ಹೇಳಿದಳು. ಆ ಮಾತ್ರೆ ಅಂಥ ದುಬಾರಿಯದ್ದೂ ಆಗಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ, ಆ ನೋವು ಇನ್ನೂ ಇದೆ.

ದರವನ್ನು ಹಿಡಿದ ದೇಶಗಳೂ ಇವೆ. ಜಪಾನಿನಲ್ಲಿ 1961ರಿಂದ ಎಲ್ಲರಿಗೂ ವಿಮೆ ಇದೆ, ವಿಮಾ ನಿಧಿಗಳು ಹಲವು. ಆದರೆ ದರಪಟ್ಟಿ ಇಡೀ ದೇಶಕ್ಕೆ ಒಂದೇ. ಎರಡು ವರ್ಷಕ್ಕೊಮ್ಮೆ ಸರ್ಕಾರ, ವೈದ್ಯರು, ವಿಮಾ ನಿಧಿಗಳ ಪ್ರತಿನಿಧಿಗಳು ಕುಳಿತು ಅದನ್ನು ಪರಿಷ್ಕರಿಸುತ್ತಾರೆ. 2002ರಲ್ಲಿ ಎಂಆರ್‌ಐ ಸ್ಕ್ಯಾನಿಂಗಿನ ದರವನ್ನು ಗಣನೀಯವಾಗಿ ಇಳಿಸಿದರು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಎಂಆರ್‌ಐ ಯಂತ್ರಗಳಿರುವ ದೇಶಗಳಲ್ಲಿ ಜಪಾನ್ ಒಂದಾಗಿಯೇ ಉಳಿದಿದೆ. ದರ ಇಳಿಸಿದರೆ ಸೇವೆಯೇ ಮಾಯವಾಗುತ್ತದೆ ಎಂದು ಹೆದರಿಸುವವರು ಇದನ್ನು ನೋಡಬೇಕು. ಅಮೆರಿಕದೊಳಗೇ ಮೇರಿಲ್ಯಾಂಡ್ ರಾಜ್ಯದಲ್ಲಿ 1970ರ ದಶಕದಿಂದ ಒಂದು ಆಯೋಗ ಆಸ್ಪತ್ರೆಗಳ ದರ ನಿಗದಿ ಮಾಡುತ್ತಿದೆ. ಒಂದು ಆಸ್ಪತ್ರೆಯಲ್ಲಿ ಒಂದು ಸೇವೆಗೆ, ವಿಮಾ ಕಂಪನಿ ಕೊಡಲಿ ರೋಗಿಯೇ ಕೊಡಲಿ, ಬಹುಮಟ್ಟಿಗೆ ಒಂದೇ ದರ.

ಬಿಲ್ಲಿಂಗ್ ಕೌಂಟರ್

ಡಾಕ್ಟರೇ, ನಿಮ್ಮ ಮಾತಿನ ಕೊನೆಯ ವಾಕ್ಯ ಓದಿ ನನ್ನ ಕೆಲಸದ ಅನುಭವ ಬರೆಯಲೇಬೇಕೆನಿಸಿತು. ನಾನು ಆಸ್ಪತ್ರೆಯೊಂದರ ಬಿಲ್ಲು ವಿಭಾಗದಲ್ಲಿ ಒಂಬತ್ತು ವರ್ಷ ಇದ್ದೆ. ಅದರ ಹೆಸರು ಇಲ್ಲಿ ಬೇಡ.

ಒಂದೇ ಶಸ್ತ್ರಚಿಕಿತ್ಸೆಗೆ ನಮ್ಮ ಕಂಪ್ಯೂಟರಿನಲ್ಲಿ ನಾಲ್ಕಾರು ದರಗಳಿರುತ್ತಿದ್ದವು. ದೊಡ್ಡ ವಿಮಾ ಕಂಪನಿ ಚೌಕಾಸಿ ಮಾಡಿ ಒಪ್ಪಿಸಿದ ದರ ಒಂದು, ಸಣ್ಣ ಕಂಪನಿಯದ್ದು ಅದಕ್ಕಿಂತ ಮೇಲೆ, ಸರ್ಕಾರಿ ಯೋಜನೆಯದ್ದು ಎಲ್ಲಕ್ಕಿಂತ ಕೆಳಗೆ. ಯಾರ ಬೆಂಬಲವೂ ಇಲ್ಲದೆ ಸ್ವಂತ ಹಣ ಹಿಡಿದು ಬಂದವರಿಗೆ ಪೂರ್ಣ ಪಟ್ಟಿದರ. ಯಾರ ಬಳಿ ಚೌಕಾಸಿಯ ಬಲ ಇರಲಿಲ್ಲವೋ ಅವರೇ ಅತಿ ಹೆಚ್ಚು ಕೊಟ್ಟವರು. ಅವರಲ್ಲಿ ಬಹುಪಾಲು ಜನಕ್ಕೆ ತಾವು ಹೆಚ್ಚು ಕೊಟ್ಟೆವೆಂಬುದೂ ತಿಳಿಯುತ್ತಿರಲಿಲ್ಲ. ಡಿಸ್ಚಾರ್ಜ್ ದಿನ ಬಿಲ್ಲು ಕೈಗೆ ಕೊಡುವಾಗ ಅವರ ಮುಖ ನೋಡುವುದು ಕಷ್ಟವಾಗುತ್ತಿತ್ತು.

ವಿಮೆಯ ಕಡೆಯಿಂದಲೂ ಬಿಲ್ಲು ಹಿಗ್ಗುತ್ತದೆ. ರೋಗಿಗೆ ವಿಮೆ ಇದೆಯೇ, ಮಿತಿ ಎಷ್ಟು ಎಂದು ಸೇರಿಸಿಕೊಳ್ಳುವಾಗಲೇ ಕೇಳುತ್ತೇವೆ. ಆ ಮಿತಿ ತಿಳಿದ ಮೇಲೆ ಪರೀಕ್ಷೆಗಳ ಪಟ್ಟಿ ಅದರ ಕಡೆಗೆ ನಿಧಾನವಾಗಿ ಬೆಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನು ಅಮೆರಿಕದ 2010ರ ಕಾನೂನಿನಲ್ಲಿ, ಸಂಗ್ರಹಿಸಿದ ಕಂತಿನ ಕನಿಷ್ಠ ಶೇ. 80ನ್ನು, ದೊಡ್ಡ ಗುಂಪುಗಳಾದರೆ ಶೇ. 85ನ್ನು, ಚಿಕಿತ್ಸೆಗೇ ವೆಚ್ಚ ಮಾಡಬೇಕು, ಉಳಿಸಿಕೊಂಡರೆ ಗ್ರಾಹಕರಿಗೆ ಮರಳಿಸಬೇಕು ಎಂಬ ನಿಯಮವಿದೆ. ಕೇಳಲು ಚೆನ್ನಾಗಿದೆ. ಆದರೆ ಕಂಪನಿಗೆ ಉಳಿಯುವುದು ಮಿಕ್ಕ ಶೇ. 20ರ ಒಳಗೆ ತಾನೇ? ಒಟ್ಟು ವೆಚ್ಚ ಏರಿದರೆ ಆ ಶೇ. 20ರ ಮೊತ್ತವೂ ಏರುತ್ತದೆ. ವೆಚ್ಚವನ್ನು ಇಳಿಸಲು ಅವರಿಗೆ ಇರುವ ಹುಮ್ಮಸ್ಸು ಅಷ್ಟರಮಟ್ಟಿಗೆ ಕುಂದುತ್ತದೆ. ಇದಕ್ಕೆ ಪರಿಹಾರವೇನು ಎಂದು ಲೆಕ್ಕ ಬಲ್ಲವರು ಹೇಳಬೇಕು.

ತೆರಿಗೆಯೇ ಸಾಕು

ಇಷ್ಟೆಲ್ಲ ತೊಡಕು ಬರುವುದು ನಡುವೆ ವಿಮೆ ಎಂಬುದನ್ನು ಇಟ್ಟುಕೊಂಡಿರುವುದರಿಂದ. ಬ್ರಿಟನ್ 1911ರಲ್ಲಿ, ಲಾಯ್ಡ್ ಜಾರ್ಜ್ ಹಣಕಾಸು ಸಚಿವರಾಗಿದ್ದಾಗ, ಕಡ್ಡಾಯ ವಿಮೆಯನ್ನೇ ತಂದಿತ್ತು. ವಾರಕ್ಕೆ ಕೆಲಸಗಾರ ನಾಲ್ಕು ಪೆನ್ಸ್, ಮಾಲೀಕ ಮೂರು, ಸರ್ಕಾರ ಎರಡು ಸೇರಿಸುತ್ತಿದ್ದರು. ಕೆಲಸಗಾರನಿಗೆ ವೈದ್ಯರು ಸಿಕ್ಕರು. ಅವನ ಹೆಂಡತಿಗೆ, ಮಕ್ಕಳಿಗೆ ಸಿಗಲಿಲ್ಲ, ಏಕೆಂದರೆ ಕಂತು ಕಟ್ಟಿದವನು ಅವನು ಮಾತ್ರ. ಕಂತಿಗೂ ಚಿಕಿತ್ಸೆಗೂ ಗಂಟು ಹಾಕಿದಾಗ ಯಾರಾದರೂ ಗಂಟಿನ ಹೊರಗೆ ಉಳಿಯುತ್ತಾರೆ. 1948ರ ಜುಲೈ 5ರಂದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಆರಂಭಿಸಿದ ರಾಷ್ಟ್ರೀಯ ಆರೋಗ್ಯ ಸೇವೆ ಆ ಗಂಟನ್ನೇ ಬಿಚ್ಚಿತು: ಹಣ ಮುಖ್ಯವಾಗಿ ತೆರಿಗೆಯಿಂದ, ಚಿಕಿತ್ಸೆ ನಿವಾಸಿ ಎಂಬ ಒಂದೇ ಕಾರಣಕ್ಕೆ. ಕಪ್ಪುಪಟ್ಟಿಯ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಾಲ್ಕು ದರಗಳ ಕಂಪ್ಯೂಟರೂ ಬೇಕಿಲ್ಲ.

ಹಳೆಯ ವೈದ್ಯ

ಒಪ್ಪುವ ಮಾತು, ಆದರೆ ಅರ್ಧ. ತೆರಿಗೆಯಿಂದ ನಡೆಯುವ ವ್ಯವಸ್ಥೆಯಲ್ಲಿ ಬಿಲ್ಲಿನ ಬದಲು ಸರತಿ ಬರುತ್ತದೆ. ಬಜೆಟ್ಟು ಬಿಗಿಯಾದ ವರ್ಷ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಯುವವರ ಪಟ್ಟಿ ಲಕ್ಷಗಳನ್ನು ದಾಟಿ ಬೆಳೆದಿದೆ. ಕಾಯುವ ನೋವು ಕಾಗದದ ಮೇಲೆ ವೆಚ್ಚವಾಗಿ ಕಾಣುವುದಿಲ್ಲ, ಆದರೆ ಅದೂ ರೋಗಿ ತೆರುವ ಬೆಲೆಯೇ. ನಾನು ಹೊಗಳಿದ ಜಪಾನಿನ ದರಪಟ್ಟಿಗೂ ಅಂಥದ್ದೇ ಒಂದು ಮುಖವಿದೆ: ಪ್ರತಿ ಭೇಟಿಯ ದರ ಕಡಿಮೆಯಾದ್ದರಿಂದ ವೈದ್ಯರು ಹೆಚ್ಚು ಜನರನ್ನು ನೋಡುತ್ತಾರೆ, ಒಬ್ಬೊಬ್ಬರಿಗೂ ಸಿಗುವುದು ಕೆಲವೇ ನಿಮಿಷ. ನನ್ನ ಆ ರೋಗಿಯನ್ನು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಲು ಬೇಕಾಗಿದ್ದದ್ದೂ ಅಂಥ ಐದು ನಿಮಿಷವೇ.

ವಿಮಾಗಣಿತ

ಎಲ್ಲರ ಬರಹವನ್ನೂ ಎರಡೆರಡು ಬಾರಿ ಓದಿದೆ. ನನ್ನ ಮೊದಲ ಬರಹದಲ್ಲಿ ಒಂದು ದೊಡ್ಡ ಕೊರತೆ ಇತ್ತೆಂದು ಈಗ ಅನಿಸುತ್ತಿದೆ. ಕಡ್ಡಾಯ ಮಾಡಿದರೆ ವಿಮೆ ನಿಲ್ಲುತ್ತದೆ ಎಂದೆ. ನಿಂತ ವಿಮೆ ಯಾವ ದರಕ್ಕೆ ಹಣ ಸುರಿಯುತ್ತದೆ ಎಂಬುದನ್ನು ಬೇರೆಯವರ ಕೆಲಸ ಎಂದು ಬಿಟ್ಟಿದ್ದೆ. ಮ್ಯಾಸಚೂಸೆಟ್ಸ್ ಕೂಡ ಅದನ್ನೇ ಮಾಡಿತು: 2006ರಲ್ಲಿ ಎಲ್ಲರನ್ನೂ ಒಳಗೆ ತಂದಿತು, ವೆಚ್ಚ ಏರುತ್ತಲೇ ಹೋಯಿತು, ಆರು ವರ್ಷ ಕಳೆದು 2012ರಲ್ಲಿ ಇನ್ನೊಂದು ಕಾನೂನು ತಂದು, ಒಂದು ಆಯೋಗವನ್ನು ರಚಿಸಿ, ಒಟ್ಟು ವೆಚ್ಚ ವರ್ಷಕ್ಕೆ ಎಷ್ಟು ಏರಬಹುದು ಎಂಬುದಕ್ಕೆ ಶೇ. 3.6ರ ಗುರಿ ಇಟ್ಟಿತು. ಆ ಆರು ವರ್ಷ ಜನ ಏರಿದ ಕಂತನ್ನು ಕಾನೂನಿನ ಬಲವಂತದಿಂದ ಕಟ್ಟಿದ್ದಾರೆ. ಕೊಳ್ಳದೆ ಹೊರಗೆ ಉಳಿಯುವ ಆಯ್ಕೆಯೊಂದೇ ಸಾಮಾನ್ಯ ಮನುಷ್ಯನ ಕೈಯಲ್ಲಿದ್ದ ಚೌಕಾಸಿಯ ಬಲ. ಅದನ್ನು ಕಿತ್ತುಕೊಂಡ ಸರ್ಕಾರ ಅದೇ ದಿನದಿಂದ ಅವನ ಪರವಾಗಿ ತಾನು ಚೌಕಾಸಿಗೆ ಕೂರಬೇಕು. ಆರು ವರ್ಷ ಬಿಟ್ಟು ಕೂತರೆ ಆಗದು.

ಅಮೆರಿಕದ ಔಷಧದ ಕಥೆಯೂ ಹೀಗೆಯೇ ಇದೆ. 2003ರ ಕಾನೂನು ಹಿರಿಯರಿಗೆ ಔಷಧದ ವಿಮೆ ಕೊಟ್ಟಿತು, ಆದರೆ ಔಷಧ ಕಂಪನಿಗಳೊಡನೆ ಸರ್ಕಾರ ದರದ ಮಾತಾಡಬಾರದು ಎಂದೂ ಅದರಲ್ಲೇ ಬರೆದಿತ್ತು. ಆ ಕಟ್ಟು ಭಾಗಶಃ ಸಡಿಲಾಗಿದ್ದು 2022ರಲ್ಲಿ. ಮೊದಲ ಹತ್ತು ಔಷಧಗಳ ಮಾತುಕತೆಯ ದರ ಜಾರಿಗೆ ಬರುವುದು 2026ರಿಂದ.

ಬಿಲ್ಲಿಂಗ್ ಕೌಂಟರಿನವರ ಶೇ. 20ರ ಪ್ರಶ್ನೆಗೆ ನನಗೆ ತೋರುವ ಉತ್ತರ ಇದು. ಲಾಭಕ್ಕೆ ಕೊಡುವ ಪಾಲನ್ನು ವೆಚ್ಚದ ಶೇಕಡಾವಾರಿನಲ್ಲಿ ಹೇಳಲೇಬಾರದು, ತಲೆಗೆ ಇಂತಿಷ್ಟು ಎಂದು ಹೇಳಬೇಕು. ಆಗ ಬಿಲ್ಲು ಹಿಗ್ಗಿದರೆ ಕಂಪನಿಗೆ ಬಿಡಿಗಾಸೂ ಹೆಚ್ಚು ಸಿಗುವುದಿಲ್ಲ. ಇದರ ಜೊತೆಗೆ ನೆದರ್‌ಲೆಂಡ್ಸ್ 2006ರ ಕಾನೂನಿನಲ್ಲಿ ಅಳವಡಿಸಿಕೊಂಡ ಸಮತೋಲನ ನಿಧಿ ಇರಬೇಕು. ವಯಸ್ಸಾದವರನ್ನು, ದೀರ್ಘಕಾಲದ ಕಾಯಿಲೆಯವರನ್ನು ಹೆಚ್ಚು ಹೊಂದಿರುವ ವಿಮಾ ಸಂಸ್ಥೆಗೆ ಆ ನಿಧಿಯಿಂದ ಹೆಚ್ಚು ಹಣ ಹೋಗುತ್ತದೆ, ಗಟ್ಟಿಮುಟ್ಟಾದವರನ್ನೇ ಆರಿಸಿಕೊಂಡ ಸಂಸ್ಥೆಗೆ ಕಡಿಮೆ. ಸಕ್ಕರೆ ಕಾಯಿಲೆಯವರನ್ನು ಕಂಡು ಓಡುವ ಕಾರಣವೇ ಸಂಸ್ಥೆಗೆ ಉಳಿಯುವುದಿಲ್ಲ. ಅಲ್ಲಿ ಹದಿನೆಂಟು ತುಂಬದವರಿಗೆ ಕಂತಿಲ್ಲ, ವರ್ಷಕ್ಕೆ 385 ಯೂರೋವರೆಗೆ ವಯಸ್ಕರು ಕೈಯಿಂದ ಕೊಡಬೇಕಾದರೂ ಕುಟುಂಬ ವೈದ್ಯರ ಭೇಟಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಡಾಕ್ಟರು ಹೇಳಿದಂಥ ರೋಗಿಗೆ ಆ ಒಂದು ವಿನಾಯಿತಿ ಎಷ್ಟು ದೊಡ್ಡದೆಂದು ಈಗ ಅರ್ಥವಾಗುತ್ತಿದೆ.

ಸ್ವಂತ ದುಡಿಮೆ

ಚೌಕಾಸಿಯ ಬಲದ ಮಾತು ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿತು, ಧನ್ಯವಾದ. ದರಪಟ್ಟಿ ಮೊದಲು ಬಂದು ಕಂತು ಆದಾಯಕ್ಕೆ ತಕ್ಕಂತೆ ಇದ್ದರೆ ನಾನು ಕಡ್ಡಾಯಕ್ಕೆ ವಿರೋಧಿಯಲ್ಲ.

ಆದರೆ ಯಾವ ಆದಾಯ? ನೌಕರಿಯವರಿಗೆ ಈ ಪ್ರಶ್ನೆ ಚಿಕ್ಕದಾಗಿ ಕಾಣಬಹುದು, ನನ್ನಂಥವರಿಗೆ ಎಲ್ಲವೂ ಇದರ ಮೇಲೆಯೇ ನಿಂತಿದೆ. ಅಮೆರಿಕದ ಏರ್ಪಾಡಿನಲ್ಲಿ ಮುಂದಿನ ವರ್ಷ ಎಷ್ಟು ದುಡಿಯುತ್ತೇನೆಂದು ಮೊದಲೇ ಅಂದಾಜಿಸಿ ಹೇಳಬೇಕು, ಅದರ ಮೇಲೆ ಸಹಾಯಧನ ಕೊಡುತ್ತಾರೆ, ತೆರಿಗೆ ಲೆಕ್ಕದ ವೇಳೆ ತಾಳೆ ನೋಡುತ್ತಾರೆ. ಅಂದಾಜಿಗಿಂತ ಹೆಚ್ಚು ದುಡಿದಿದ್ದರೆ ಹೆಚ್ಚಾಗಿ ಪಡೆದ ಸಹಾಯಧನವನ್ನು ಮರಳಿ ಕಟ್ಟಬೇಕು. ನಾಳೆಯ ಕೆಲಸ ಸಿಗುತ್ತದೋ ಇಲ್ಲವೋ ತಿಳಿಯದವನು ಮುಂದಿನ ವರ್ಷದ ಆದಾಯವನ್ನು ಯಾವ ಧೈರ್ಯದಲ್ಲಿ ಬರೆದುಕೊಡಲಿ?

ವಿಮಾಗಣಿತ

ನಿಮ್ಮ ಸಂಕಟ ನ್ಯಾಯವಾದದ್ದು. ನಾನು ನಿಯಮ ಬರೆಯುವವನಾಗಿದ್ದರೆ, ತೆರಿಗೆ ಇಲಾಖೆ ಈಗಾಗಲೇ ಅಂತಿಮಗೊಳಿಸಿದ ಹಿಂದಿನ ವರ್ಷದ ಆದಾಯವನ್ನೇ ಆಧಾರವಾಗಿಟ್ಟುಕೊಳ್ಳುತ್ತಿದ್ದೆ. ನೀವು ಏನನ್ನೂ ಊಹಿಸಬೇಕಾಗಿಲ್ಲ. ನಡುವೆ ದುಡಿಮೆ ಕುಸಿದರೆ ಯಾವ ತಿಂಗಳಲ್ಲಾದರೂ ಒಂದು ಅರ್ಜಿ ಕೊಟ್ಟು ಕಂತು ಇಳಿಸಿಕೊಳ್ಳಬಹುದು. ದುಡಿಮೆ ಏರಿದರೆ ಅದು ಮುಂದಿನ ವರ್ಷದ ಕಂತಿಗಷ್ಟೇ ಸೇರುತ್ತದೆ, ಹಿಂದಕ್ಕೆ ಹೋಗಿ ವಸೂಲಿ ಮಾಡುವುದಿಲ್ಲ. ಇದರಿಂದ ಸರ್ಕಾರಕ್ಕೆ ಸ್ವಲ್ಪ ನಷ್ಟ ಖಂಡಿತ. ಬಾಕಿಯ ವಿಷಯದಲ್ಲಿ ಸ್ವಿಟ್ಜರ್ಲೆಂಡಿನ ಕಪ್ಪುಪಟ್ಟಿ ಬೇಡ. ನೆದರ್‌ಲೆಂಡ್ಸಿನಲ್ಲಿ ಆರು ತಿಂಗಳ ಕಂತು ಬಾಕಿಯಾದರೆ ಸರ್ಕಾರಿ ಸಂಸ್ಥೆಯೊಂದು ಅದನ್ನು ನೇರವಾಗಿ ಆದಾಯದಿಂದ ವಸೂಲು ಮಾಡತೊಡಗುತ್ತದೆ, ಆದರೆ ಆ ಅವಧಿಯಲ್ಲಿಯೂ ಮೂಲ ವಿಮೆ ರದ್ದಾಗುವುದಿಲ್ಲ.

ಬಿಲ್ಲಿಂಗ್ ಕೌಂಟರ್

ಆ ಕೊನೆಯ ಮಾತಿಗೆ ಒಂದು ಸೇರಿಕೆ. ಕಂತು ಬಾಕಿ ಇದೆ ಎಂಬ ಸಂಗತಿ ಆಸ್ಪತ್ರೆಯ ಕೌಂಟರಿನಲ್ಲಿ ಕಾಣಿಸಲೇಬಾರದು. ನಮ್ಮ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬಾಕಿ ಎಂದು ತೋರಿದ ಕೂಡಲೇ, ಕಾನೂನು ಏನೇ ಹೇಳಲಿ, ರೋಗಿಗೆ ಹಾಸಿಗೆ ಸಿಗುವುದು ತಡವಾಗುತ್ತಿತ್ತು. ಆ ಲೆಕ್ಕ ವಿಮಾ ಸಂಸ್ಥೆ ಮತ್ತು ಸರ್ಕಾರದ ನಡುವೆಯೇ ಇರಲಿ, ನಮಗೆ ರೋಗಿಯ ಹೆಸರು ಮತ್ತು ರಕ್ತದ ಗುಂಪು ಕಂಡರೆ ಸಾಕು.